ಸಮವಸ್ತ್ರದಲ್ಲಿದ್ದಾಗಲೇ ಪದವಿ: ಜವಾನರಿಗೂ ಅವರ ಮನೆಯವರಿಗೂ ಒಂದು ಮಾರ್ಗದರ್ಶಿ

“ಹದಿನೈದು ವರ್ಷ ಸೇವೆ ಮುಗಿಸಿದರೆ ಸೇನೆಯೇ ಡಿಗ್ರಿ ಸರ್ಟಿಫಿಕೇಟ್ ಕೊಡುತ್ತದೆ, ಈಗಲೇ ಪುಸ್ತಕ ಹಿಡಿದು ಯಾಕೆ ಕೂರುತ್ತೀಯ?” ಬ್ಯಾರಕ್‌ನಲ್ಲಿ ಹಿರಿಯರು ಕಿರಿಯರಿಗೆ ಹೇಳುವ ಈ ಮಾತು ಎಷ್ಟೋ ಹುಡುಗರ ಓದನ್ನು ಶುರುವಾಗುವ ಮೊದಲೇ ನಿಲ್ಲಿಸಿದೆ. ಹೇಳುವವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೆ ಆ ಸರ್ಟಿಫಿಕೇಟ್‌ನಿಂದ ಯಾವ ಬಾಗಿಲು ತೆರೆಯುತ್ತದೆ, ಯಾವುದು ತೆರೆಯುವುದಿಲ್ಲ ಎಂಬುದು ಬಹಳ ಜನರಿಗೆ ತಿಳಿಯುವುದು ನಿವೃತ್ತರಾಗಿ ಊರಿಗೆ ಬಂದ ಮೇಲೆಯೇ. ಆದ್ದರಿಂದ ಮೊದಲು ಅದನ್ನೇ ಬಿಡಿಸಿ ಹೇಳುತ್ತೇನೆ.

ಕೇಂದ್ರ ಸರ್ಕಾರ 1986ರಲ್ಲಿ ಮಾಜಿ ಸೈನಿಕರ ಮರುನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದಿತು. ಅದರ ಪ್ರಕಾರ ಮೆಟ್ರಿಕ್ ಪಾಸಾಗಿ ಕನಿಷ್ಠ 15 ವರ್ಷ ಸೇವೆ ಸಲ್ಲಿಸಿದ ಮಾಜಿ ಸೈನಿಕರನ್ನು, ಪದವಿ ಕೇಳುವ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆಂದು ಮೀಸಲಿಟ್ಟ ಸ್ಥಾನಗಳಿಗೆ ಅರ್ಹರೆಂದು ಪರಿಗಣಿಸಬಹುದು. ತಾಂತ್ರಿಕ ಅಥವಾ ವೃತ್ತಿಪರ ಅನುಭವ ಅಗತ್ಯವಾದ ಹುದ್ದೆಗಳಿಗೆ ಇದು ನಡೆಯುವುದಿಲ್ಲ. ಸಾರ್ವಜನಿಕ ಬ್ಯಾಂಕುಗಳ ಕ್ಲರ್ಕ್ ನೇಮಕಾತಿಯಲ್ಲೂ ಹೆಚ್ಚುಕಡಿಮೆ ಇದೇ ರಿಯಾಯಿತಿ ಇದೆ. ಒಳ್ಳೆಯ ಸೌಲಭ್ಯವೇ, ಅದರಿಂದ ಸಾವಿರಾರು ಕುಟುಂಬಗಳು ಬದುಕು ಕಟ್ಟಿಕೊಂಡಿವೆ. ಆದರೆ ಈ ನಿಯಮದ ಮೇಲೆ ನಿಂತಿರುವ ಸೇನೆಯ ಸರ್ಟಿಫಿಕೇಟ್ ವಿಶ್ವವಿದ್ಯಾಲಯದ ಪದವಿಯಲ್ಲ. ಬ್ಯಾಂಕ್ ಪ್ರೊಬೇಷನರಿ ಅಧಿಕಾರಿ ಹುದ್ದೆಗೆ, ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆಗೆ, ಅರೆಸೇನಾ ಪಡೆಗಳ ಅಸಿಸ್ಟೆಂಟ್ ಕಮಾಂಡೆಂಟ್ ಪರೀಕ್ಷೆಗೆ, ಎಂ.ಎ., ಬಿ.ಇಡಿ., ಮೂರು ವರ್ಷದ ಎಲ್‌ಎಲ್.ಬಿ. ಪ್ರವೇಶಕ್ಕೆ ಅದನ್ನು ಹಿಡಿದುಕೊಂಡು ಹೋದರೆ ಹಿಂದಿರುಗಬೇಕಾಗುತ್ತದೆ. ನಮ್ಮ ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ 10ರಷ್ಟು ಮೀಸಲಾತಿ ಇದೆ. ಪಿಡಿಒ, ಪಿಎಸ್‌ಐ, ಪ್ರಥಮ ದರ್ಜೆ ಸಹಾಯಕ ಹುದ್ದೆಗಳಿಗೆ ಪದವಿ ಕೇಳುತ್ತಾರೆ. ಕೈಯಲ್ಲಿ ನಿಜವಾದ ಪದವಿ ಇದ್ದರೆ ಅಧಿಸೂಚನೆಯ ಪ್ರತಿ ಸಾಲನ್ನೂ ಅನುಮಾನದಿಂದ ಓದುವ ಕಷ್ಟ ತಪ್ಪುತ್ತದೆ.

ಅಗ್ನಿವೀರರಿಗಂತೂ ಈ ಹದಿನೈದು ವರ್ಷದ ಲೆಕ್ಕವೇ ಅನ್ವಯಿಸುವುದಿಲ್ಲ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಕಾಯಂ ಆಗುವವರು ಗರಿಷ್ಠ ಶೇ 25. ಉಳಿದವರು ಇಪ್ಪತ್ತೆರಡು, ಇಪ್ಪತ್ತಮೂರರ ಪ್ರಾಯದಲ್ಲಿ ಪಿಯುಸಿ ಅಂಕಪಟ್ಟಿಯೊಂದನ್ನೇ ಹಿಡಿದು ಊರಿಗೆ ಮರಳಬಾರದು ಎಂಬುದೇ ಈ ಲೇಖನ ಬರೆಯಲು ಮುಖ್ಯ ಕಾರಣ.

ನಿವೃತ್ತ ಸೈನಿಕರನ್ನು ಕೂರಿಸಿಕೊಂಡು ಸೇವೆಯ ದಿನಗಳ ಬಗ್ಗೆ ಕೇಳಿದರೆ ಪೋಸ್ಟಿಂಗ್ ಆದ ಊರುಗಳ ಹೆಸರು, ಲಂಗರ್‌ನ ಚಹಾ, ಜೊತೆಗಾರರ ನೆನಪು ತಾನಾಗಿಯೇ ಬರುತ್ತದೆ. ಸೇವೆಯಲ್ಲಿದ್ದುಕೊಂಡೇ ಬಿ.ಎ. ಮುಗಿಸಿದವರನ್ನು ಹೇಗೆ ಮುಗಿಸಿದಿರಿ ಎಂದು ಕೇಳಿದಾಗ ಬುದ್ಧಿವಂತಿಕೆಯ ಮಾತು ಯಾರೂ ಆಡಲಿಲ್ಲ. ಪೀಸ್ ಸ್ಟೇಷನ್‌ನಲ್ಲಿದ್ದಾಗ (ಗಡಿಯಿಂದ ದೂರದ ಶಾಂತ ನೆಲೆ) ಯಾವ ಪತ್ರಿಕೆಗಳನ್ನು ಮುಗಿಸಿದರು, ಫೀಲ್ಡ್‌ನಲ್ಲಿದ್ದಾಗ (ಗಡಿ ಅಥವಾ ಕಾರ್ಯಾಚರಣೆಯ ಪ್ರದೇಶ) ಯಾವುದನ್ನು ಮುಂದಕ್ಕೆ ಹಾಕಿದರು, ರಜೆಯನ್ನು ಹೇಗೆ ಒಡೆದುಕೊಂಡರು ಎಂಬುದನ್ನೇ ಎಲ್ಲರೂ ಹೇಳಿದರು. ಸಿಗ್ನಲ್ಸ್‌ನಲ್ಲಿದ್ದ ಒಬ್ಬ ಹವಿಲ್ದಾರರು ಮೊದಲ ವರ್ಷದ ಪುಸ್ತಕಗಳನ್ನು ರಾಜಸ್ಥಾನದಲ್ಲಿ ಓದಿ, ಎರಡನೆಯ ವರ್ಷದ ಪರೀಕ್ಷೆಯನ್ನು ಪಂಜಾಬಿನಲ್ಲಿ ಬರೆದು, ಕೊನೆಯ ಎರಡು ಪತ್ರಿಕೆಗಳಿಗೆ ಬೆಂಗಳೂರಿನಲ್ಲಿ ಕೂತರು. ಓದಿನ ಲೆಕ್ಕವನ್ನು ಪೋಸ್ಟಿಂಗ್ ಲೆಕ್ಕಕ್ಕೆ ಹೊಂದಿಸಿಕೊಂಡವರು ದಡ ಸೇರುತ್ತಾರೆ. ಮುಂದಿನದೆಲ್ಲ ಆ ಹೊಂದಿಕೆಯ ವಿವರ.

ಮೊದಲ ಹೆಜ್ಜೆ: ಹೆಸರು ಮತ್ತು ಜನ್ಮ ದಿನಾಂಕ

ಅರ್ಜಿ ತುಂಬುವ ಮೊದಲು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್ ಮತ್ತು ಸೇನೆಯ ದಾಖಲೆಯನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ನಮ್ಮ ಕಡೆಯವರಿಗೆ ಇಲ್ಲಿ ವಿಶೇಷ ತೊಂದರೆಯಿದೆ. ಹಳೆ ಮೈಸೂರು ಭಾಗದಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್. ಉತ್ತರ ಕರ್ನಾಟಕದಲ್ಲಿ ಕೆಲವರಿಗೆ ಮನೆತನದ ಹೆಸರು ಮೊದಲು, ಕೆಲವರಿಗೆ ಕೊನೆಗೆ, ನಡುವೆ ತಂದೆಯ ಹೆಸರು. ಶಾಲೆಯಲ್ಲಿ ‘ಬಸವರಾಜ ಎಸ್.’ ಆಗಿದ್ದವನು ಆಧಾರ್‌ನಲ್ಲಿ ‘ಬಸವರಾಜ ಶಿವಪ್ಪ ಹೂಗಾರ’ ಆಗಿರುತ್ತಾನೆ, ಸೇನೆಯಲ್ಲಿ ‘ಹೂಗಾರ ಬಸವರಾಜ’. ಈಗಿನ ಆನ್‌ಲೈನ್ ಪ್ರವೇಶ ವ್ಯವಸ್ಥೆಗೆ ಇವರು ಮೂವರು ಬೇರೆ ಬೇರೆ ಮನುಷ್ಯರು.

ಮೂರರಲ್ಲಿ ಸುಲಭವಾಗಿ ಸರಿಪಡಿಸಬಹುದಾದದ್ದು ಆಧಾರ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರನ್ನು ಬದಲಿಸುವುದು ದೊಡ್ಡ ಕೆಲಸ. ಭರ್ತಿಯಾಗುವಾಗ ಸೇನೆಯ ದಾಖಲೆಯೂ ಸಾಮಾನ್ಯವಾಗಿ ಅಂಕಪಟ್ಟಿಯನ್ನೇ ನೋಡಿ ತಯಾರಾಗಿರುತ್ತದೆ. ಹಾಗಾಗಿ ಆಧಾರ್ ಅನ್ನು ಅಂಕಪಟ್ಟಿಗೆ ಹೊಂದಿಸಿ. ಸೇನೆಯ ದಾಖಲೆಯಲ್ಲೇ ತಪ್ಪಿದ್ದರೆ ಯೂನಿಟ್ ಕಚೇರಿಯ ಕ್ಲರ್ಕ್ ಬಳಿ ಹೋಗಿ, ಯಾವ ಪ್ರಮಾಣಪತ್ರ ಬೇಕೆಂದು ಕೇಳಿ, ಪಾರ್ಟ್ ಟು ಆರ್ಡರ್ (ಸೈನಿಕನ ದಾಖಲೆಯ ಬದಲಾವಣೆಯನ್ನು ಯೂನಿಟ್ ಪ್ರಕಟಿಸುವ ಆದೇಶ) ಮೂಲಕ ಸರಿಪಡಿಸಿಕೊಳ್ಳಿ. ತಿಂಗಳುಗಟ್ಟಲೆ ಹಿಡಿಯುವ ಕೆಲಸ ಇದು. ಆದ್ದರಿಂದಲೇ ಇದು ಮೊದಲ ಹೆಜ್ಜೆ.

ಪಿಯುಸಿ ಬಿಟ್ಟು ಮುಂದೆ ಹಾರಬೇಡಿ

ಹತ್ತನೆಯ ತರಗತಿ ಮುಗಿಸಿ ಸೇನೆಗೆ ಸೇರಿದವರು ಮೊದಲು ಪಿಯುಸಿ ಮಾಡಿಕೊಳ್ಳಬೇಕು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, ಇದಕ್ಕೆ ಅನುಕೂಲ. ದೇಶದ ಬೇರೆ ಬೇರೆ ಕಡೆ ಪರೀಕ್ಷಾ ಕೇಂದ್ರಗಳಿವೆ. ಹತ್ತನೆಯ ತರಗತಿಯ ಅರ್ಹತೆಯಿಂದ ಬಂದ ಅಗ್ನಿವೀರರಿಗೆ ಸೇವೆಯಲ್ಲಿದ್ದಾಗಲೇ ಹನ್ನೆರಡನೆಯ ತರಗತಿ ಮುಗಿಸಲು ಎನ್‌ಐಒಎಸ್ ಮೂಲಕ ವಿಶೇಷ ವ್ಯವಸ್ಥೆಯನ್ನೂ ಕೇಂದ್ರ ಶಿಕ್ಷಣ ಸಚಿವಾಲಯ 2022ರಲ್ಲಿ ಪ್ರಕಟಿಸಿದೆ.

ಪಿಯುಸಿ ಇಲ್ಲದೆಯೇ ಒಂದು ಪೂರ್ವಸಿದ್ಧತಾ ಕೋರ್ಸ್ ಮುಗಿಸಿ ನೇರವಾಗಿ ಪದವಿಗೆ ಸೇರುವ ದಾರಿಯೂ ಮುಕ್ತ ವಿಶ್ವವಿದ್ಯಾಲಯಗಳಲ್ಲಿ ಇದ್ದುದುಂಟು. ಬೇಗ ಮುಗಿಯುತ್ತದೆ ಎಂಬ ಆಸೆಗೆ ಆ ದಾರಿ ಹಿಡಿಯಬೇಡಿ. ಆ ಪೂರ್ವಸಿದ್ಧತಾ ಕೋರ್ಸ್ ಪಿಯುಸಿಗೆ ಸಮಾನವಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಂತೆ, ಪಿಯುಸಿಯಂಥ ಮೂಲ ಅರ್ಹತೆ ಇಲ್ಲದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರವಾಗಿ ಪದವಿ ಪಡೆದವರಿಗೆ ಎಲ್‌ಎಲ್.ಬಿ. ಪ್ರವೇಶವಿಲ್ಲ. ನಿವೃತ್ತಿಯ ನಂತರ ಕರಿಕೋಟು ಹಾಕಿ ತಾಲ್ಲೂಕು ನ್ಯಾಯಾಲಯದಲ್ಲಿ ನಿಲ್ಲುವ ಕನಸಿರುವ ಸೈನಿಕರು ನಮ್ಮಲ್ಲಿ ಬಹಳ ಮಂದಿ. ಅವರ ಕನಸು ಒಂದು ಪಿಯುಸಿ ಅಂಕಪಟ್ಟಿಯ ಕೊರತೆಯಿಂದ ನಿಂತುಹೋಗಬಾರದು.

ಇಗ್ನೋ ಅಥವಾ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಮುಂದಿನ ಐದಾರು ವರ್ಷದ ಸುಖದುಃಖ ಈ ಆಯ್ಕೆಯ ಮೇಲೆ ನಿಂತಿದೆ.

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಸ್ಥಾಪನೆಯಾಯಿತು. ಸೈನಿಕನಿಗೆ ಅದರ ದೊಡ್ಡ ಗುಣ ಒಂದೇ: ಪ್ರತಿ ಸಲ ಪರೀಕ್ಷಾ ಅರ್ಜಿ ತುಂಬುವಾಗ ಪರೀಕ್ಷಾ ಕೇಂದ್ರವನ್ನು ನೀವೇ ಆರಿಸಿಕೊಳ್ಳಬಹುದು. ಜೂನ್‌ನಲ್ಲಿ ಜೋಧಪುರ, ಡಿಸೆಂಬರ್‌ನಲ್ಲಿ ತೇಜಪುರ ಎಂದಾದರೂ ಓದು ಕಡಿಯುವುದಿಲ್ಲ. ಪ್ರವೇಶ ಜುಲೈ ಮತ್ತು ಜನವರಿಯಲ್ಲಿ, ಸತ್ರಾಂತ್ಯ ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಒಂದು ವರ್ಷದ ಪತ್ರಿಕೆಗಳು ಬಾಕಿ ಇದ್ದರೂ ಮುಂದಿನ ವರ್ಷಕ್ಕೆ ಮರುನೋಂದಣಿ ಮಾಡಿಕೊಳ್ಳಬಹುದು. ಮೂರು ವರ್ಷದ ಪದವಿಯನ್ನು ಮುಗಿಸಲು ಆರು ವರ್ಷದವರೆಗೆ ಅವಕಾಶವಿದೆ. ಸೇನೆಗೆ, ನೌಕಾಪಡೆಗೆ, ಅಸ್ಸಾಂ ರೈಫಲ್ಸ್‌ಗೆ ಇಗ್ನೋ ಮಾನ್ಯತೆಯ ಪ್ರತ್ಯೇಕ ಪ್ರಾದೇಶಿಕ ಕೇಂದ್ರಗಳೂ ಇವೆ; ನಿಮ್ಮ ಯೂನಿಟ್‌ನ ಎಜುಕೇಶನ್ ಹವಿಲ್ದಾರ್ ಅಥವಾ ಎಜುಕೇಶನ್ ಜೆಸಿಒ (ಜೂನಿಯರ್ ಕಮಿಷನ್ಡ್ ಅಧಿಕಾರಿ) ಅವರಿಗೆ ಅವುಗಳ ವಿಳಾಸ ಗೊತ್ತಿರುತ್ತದೆ. ಸೇನಾ ಶಿಕ್ಷಣ ದಳದವರು ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ತರಬೇತಿ ಪಡೆದು ಬರುವವರು. ಮ್ಯಾಪ್ ರೀಡಿಂಗ್ ಮತ್ತು ಬಡ್ತಿ ಪರೀಕ್ಷೆಗಷ್ಟೇ ಅವರ ಬಳಿ ಹೋಗುವ ಅಭ್ಯಾಸ ನಮ್ಮ ಹುಡುಗರದು. ಪದವಿಯ ವಿಷಯಕ್ಕೂ ಹೋಗಿ ಕೇಳಿ.

ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಅದರ ದೊಡ್ಡ ಗುಣ ಕನ್ನಡ ಮಾಧ್ಯಮ. ಕನ್ನಡದಲ್ಲೇ ಪಠ್ಯ, ಕನ್ನಡದಲ್ಲೇ ಉತ್ತರ. ಕನ್ನಡ ಸಾಹಿತ್ಯವನ್ನು ಒಂದು ವಿಷಯವಾಗಿ ಓದಬೇಕೆನ್ನುವವರಿಗೂ ಇದೇ ಸಹಜವಾದ ಜಾಗ. ತೊಡಕೆಂದರೆ ಪರೀಕ್ಷೆಗೆ ಕರ್ನಾಟಕಕ್ಕೇ ಬರಬೇಕು. ನಿಮ್ಮ ರಜೆ ಪರೀಕ್ಷೆಯ ದಿನಾಂಕಕ್ಕೆ ಕಟ್ಟಿಹೋಗುತ್ತದೆ.

ಈ ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಎಲ್ಲ ದೂರಶಿಕ್ಷಣ ವಿದ್ಯಾರ್ಥಿಗಳೂ ನೆನಪಿಡಬೇಕಾದ ಒಂದು ಅಧ್ಯಾಯವಿದೆ. 2013–14ರಿಂದ ಐದು ವರ್ಷ ಅದಕ್ಕೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ಇರಲಿಲ್ಲ. 2018ರಲ್ಲಿ ಮತ್ತೆ ಸಿಕ್ಕಿತು. ನಡುವೆ ಸೇರಿದ್ದ ವಿದ್ಯಾರ್ಥಿಗಳು ಪಟ್ಟ ಪಾಡು ಸಣ್ಣದಲ್ಲ. ಈಗ ಅಲ್ಲಿ ಮಾನ್ಯತೆಯ ಕೋರ್ಸುಗಳು ನಡೆಯುತ್ತಿವೆ, ಹೆದರಬೇಕಾಗಿಲ್ಲ. ಆದರೆ ಯಾವುದೇ ವಿಶ್ವವಿದ್ಯಾಲಯವಾಗಲಿ, ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ಮಂಡಳಿಯ ಅನುಮತಿ ಇದೆಯೇ ಎಂದು ಮಂಡಳಿಯ ಜಾಲತಾಣದಲ್ಲೇ ಕಣ್ಣಾರೆ ನೋಡಿ. ನೋಡಿದ ಪುಟವನ್ನು ಮುದ್ರಿಸಿ ಕಡತದಲ್ಲಿ ಇಟ್ಟುಕೊಳ್ಳಿ. ‘ಒಂದೇ ವರ್ಷದಲ್ಲಿ ಡಿಗ್ರಿ, ಪರೀಕ್ಷೆ ನಾವು ನೋಡಿಕೊಳ್ಳುತ್ತೇವೆ’ ಎನ್ನುವ ದಲ್ಲಾಳಿಗಳು ಕಂಟೋನ್ಮೆಂಟ್ ಸುತ್ತ ತಿರುಗುತ್ತಲೇ ಇರುತ್ತಾರೆ. ಯುಜಿಸಿಯ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕದ ಸಂಸ್ಥೆಯೊಂದರ ಹೆಸರು ವರ್ಷಗಟ್ಟಲೆ ಇತ್ತು. ನಕಲಿ ಪದವಿಯಿಂದ ಹೋಗುವುದು ಹಣ ಮಾತ್ರವಲ್ಲ. ಸೇವೆಗೆ, ಪಿಂಚಣಿಗೆ ಕುತ್ತು ಬರಬಹುದು.

ಮಾನ್ಯತೆ ಇರುವ ದೂರಶಿಕ್ಷಣ ಪದವಿ ಮಾತ್ರ ಕಾಲೇಜಿನ ಪದವಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಯುಜಿಸಿಯ 2020ರ ನಿಯಮಾವಳಿ ಎರಡನ್ನೂ ಸಮಾನ ಎಂದೇ ಹೇಳುತ್ತದೆ.

ಯಾವ ಮಾಧ್ಯಮ ಎಂಬ ಗೊಂದಲಕ್ಕೆ ಒಂದು ಪರೀಕ್ಷೆ ಹೇಳುತ್ತೇನೆ. ನಮ್ಮ ಹುಡುಗರು ಶಾಲೆಯಲ್ಲಿ ಕನ್ನಡ ಓದಿ, ತರಬೇತಿ ಕೇಂದ್ರದಲ್ಲಿ ಹಿಂದಿ ಕಲಿತು, ಆದೇಶಗಳನ್ನು ಇಂಗ್ಲಿಷಿನಲ್ಲಿ ನೋಡುತ್ತಾರೆ. ಮೂರೂ ಬರುತ್ತದೆ ಎನಿಸುತ್ತದೆ. ಇಗ್ನೋದ ಹಳೆಯ ಪ್ರಶ್ನೆಪತ್ರಿಕೆಗಳು ಅದರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಇತಿಹಾಸದ ಒಂದು ದೊಡ್ಡ ಪ್ರಶ್ನೆ ಆರಿಸಿ, ಪಾಠವನ್ನು ಓದಿ, ಪುಸ್ತಕ ಮುಚ್ಚಿ, ಕೈಬರಹದಲ್ಲಿ ಎರಡು ಪುಟ ಉತ್ತರ ಬರೆಯಿರಿ. ಇವತ್ತು ಇಂಗ್ಲಿಷ್, ನಾಳೆ ಹಿಂದಿ, ನಾಡಿದ್ದು ಕನ್ನಡ. ಯಾವುದರಲ್ಲಿ ಕೈ ನಿಲ್ಲದೆ ಓಡಿತೋ ಅದು ನಿಮ್ಮ ಮಾಧ್ಯಮ. ಮಾತಾಡಲು ಬರುವ ಹಿಂದಿಯಲ್ಲಿ ಬರೆಯಲು ಹೋದಾಗ ಎಷ್ಟೋ ಜನರಿಗೆ ಮೊದಲ ಪ್ಯಾರಾದಲ್ಲೇ ಕೈ ನಿಂತುಬಿಡುತ್ತದೆ. ಶುಲ್ಕ ಕಟ್ಟುವ ಮೊದಲೇ ಅದು ಗೊತ್ತಾಗುವುದು ಒಳ್ಳೆಯದು.

ವಿಷಯದ ಆಯ್ಕೆ

ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಕಾನೂನು, ಕೃಷಿ ಪದವಿಗಳು ದೂರಶಿಕ್ಷಣದಲ್ಲಿ ನಿಷಿದ್ಧ. ಯಾರಾದರೂ ಕೊಡುತ್ತೇವೆಂದರೆ ನಂಬಬೇಡಿ. ಕ್ಲರ್ಕ್ ಅಥವಾ ಸ್ಟೋರ್ ಕೆಲಸದಲ್ಲಿರುವವರಿಗೆ ಬಿ.ಕಾಂ. ಹೊಂದುತ್ತದೆ. ಬಿಸಿಎಗೆ ಪ್ರಯೋಗಾಲಯದ ತರಗತಿಗಳು ಇರುವುದರಿಂದ ದೀರ್ಘಕಾಲ ಒಂದೇ ಕಡೆ ಇರುವ ಭರವಸೆ ಬೇಕು. ಉಳಿದ ಬಹುಪಾಲು ಜನರಿಗೆ ನನ್ನ ಸಲಹೆ ಬಿ.ಎ.: ಇತಿಹಾಸ, ರಾಜ್ಯಶಾಸ್ತ್ರ, ಸಾರ್ವಜನಿಕ ಆಡಳಿತ, ಅರ್ಥಶಾಸ್ತ್ರ ಇವುಗಳಲ್ಲಿ ಆರಿಸಿಕೊಳ್ಳಿ. ನಾಳೆ ಕೆಪಿಎಸ್‌ಸಿ ಅಥವಾ ಎಸ್‌ಎಸ್‌ಸಿ ಪರೀಕ್ಷೆಗೆ ಓದಬೇಕಾದ್ದೂ ಇದನ್ನೇ. ಒಂದೇ ಓದು ಎರಡು ಸಲ ಫಲ ಕೊಡುತ್ತದೆ.

ಅಗ್ನಿವೀರರಿಗೆ

ನಿಮಗಾಗಿಯೇ ಇಗ್ನೋ ರೂಪಿಸಿದ ಅನ್ವಯಿಕ ಕೌಶಲದ ಪದವಿಗಳಿವೆ: ಬಿ.ಎ., ಬಿ.ಕಾಂ., ಬಿ.ಎಸ್ಸಿ., ಜೊತೆಗೆ ಪ್ರವಾಸೋದ್ಯಮ ಹಾಗೂ ಸಣ್ಣ ಉದ್ಯಮಗಳ ಕಡೆಗಿನ ಬಿ.ಎ. ಇದರಲ್ಲಿ ಅರ್ಧದಷ್ಟು ಕ್ರೆಡಿಟ್ (ಓದಿನ ಗಂಟೆಗಳ ಅಳತೆ) ನೀವು ಪಡೆಯುವ ಸೇನಾ ತರಬೇತಿಗೇ ಸಿಗುತ್ತದೆ. ಉಳಿದರ್ಧಕ್ಕೆ ಭಾಷೆ, ಇತಿಹಾಸ, ಅರ್ಥಶಾಸ್ತ್ರ, ವಾಣಿಜ್ಯ ಮೊದಲಾದ ವಿಷಯಗಳನ್ನು ಓದಿ ಪರೀಕ್ಷೆ ಬರೆಯಬೇಕು. ಪರಿಸರ ಅಧ್ಯಯನ ಮತ್ತು ಇಂಗ್ಲಿಷ್ ಸಂವಹನ ಕೌಶಲವೂ ಇದೆ. ಮೊದಲ ವರ್ಷದ ಪತ್ರಿಕೆಗಳಿಗೆ ನಿಲ್ಲಿಸಿದರೆ ಸರ್ಟಿಫಿಕೇಟ್, ಎರಡನೆಯದಕ್ಕೆ ಡಿಪ್ಲೊಮಾ, ಮೂರನ್ನೂ ಮುಗಿಸಿದರೆ ಪದವಿ.

ನಾಲ್ಕು ವರ್ಷದಲ್ಲಿ ತರಬೇತಿಯ ತಿಂಗಳುಗಳನ್ನು ಕಳೆದರೆ ಉಳಿಯುವುದು ಮೂರು ವರ್ಷ ಚಿಲ್ಲರೆ. ಯೂನಿಟ್ ಸೇರಿದ ಮೊದಲ ವಾರದಲ್ಲೇ ಪ್ರವೇಶದ ವಿಚಾರ ಎತ್ತಿ. ವರ್ಷಕ್ಕೆ 30 ದಿನ ಮಾತ್ರ ರಜೆ ಇರುವುದರಿಂದ ಪರೀಕ್ಷೆಯನ್ನು ಸೇವೆಯಲ್ಲಿರುವ ಊರಿನ ಹತ್ತಿರದ ಕೇಂದ್ರದಲ್ಲೇ ಬರೆಯುವಂತೆ ನೋಡಿಕೊಳ್ಳಿ. ಸೇವಾ ನಿಧಿಯಾಗಿ ಕೊನೆಗೆ ಬರುವ ಸುಮಾರು 11.71 ಲಕ್ಷ ರೂಪಾಯಿಯಲ್ಲಿ ಒಂದು ಪಾಲನ್ನು ಮುಂದಿನ ಓದಿಗೆಂದು ಈಗಲೇ ಮನಸ್ಸಿನಲ್ಲಿ ತೆಗೆದಿಡಿ. ಬೈಕು, ಮನೆ ರಿಪೇರಿ, ಬಂಧುಗಳ ಸಾಲ ಎಲ್ಲವೂ ಆ ಹಣದ ಮೇಲೆ ಕಣ್ಣಿಟ್ಟಿರುತ್ತವೆ.

ಅನುಮತಿ, ಮೊಬೈಲ್, ಅರ್ಜಿ

ಅನುಮತಿಯಿಲ್ಲದೆ ಸೇರಬೇಡಿ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಕೋರ್ಸಿನ ಹೆಸರು, ಅವಧಿ, ಪರೀಕ್ಷೆಯ ತಿಂಗಳುಗಳನ್ನು ಸ್ಪಷ್ಟವಾಗಿ ನಮೂದಿಸಿ, ಪ್ಲಟೂನ್ ಹವಿಲ್ದಾರ್, ಸೀನಿಯರ್ ಜೆಸಿಒ ಸಾಹೇಬರು, ಕಂಪನಿ ಕಮಾಂಡರ್ ಈ ಕ್ರಮದಲ್ಲಿ ಮೇಲೆ ಕಳಿಸಿ. “ಕರ್ತವ್ಯಕ್ಕೆ ಅಡ್ಡಿಯಾಗದಂತೆ ಓದುತ್ತೇನೆ” ಎಂಬ ಸಾಲು ಅರ್ಜಿಯಲ್ಲಿರಲಿ, ಅದರಂತೆ ನಡೆದುಕೊಳ್ಳಿ. ಅನುಮತಿ ಪತ್ರದ ಪ್ರತಿ ನಿಮ್ಮ ಬಳಿ ಇದ್ದರೆ ಮುಂದೆ ಬೇರೆ ಯೂನಿಟ್‌ಗೆ ಹೋದಾಗ ಮತ್ತೆ ಮೊದಲಿಂದ ವಿವರಿಸುವ ಕೆಲಸ ಇರುವುದಿಲ್ಲ.

ಆಮೇಲೆ ಮೊಬೈಲ್. ದೂರಶಿಕ್ಷಣಕ್ಕೆ ಸೇರಲು 2024ರಿಂದ ಡಿಇಬಿ ಐಡಿ (ಯುಜಿಸಿಯ ದೂರಶಿಕ್ಷಣ ಮಂಡಳಿಯ ಗುರುತಿನ ಸಂಖ್ಯೆ) ಕಡ್ಡಾಯ. ಅದನ್ನು ಪಡೆಯಲು, ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡುವ ಸರ್ಕಾರಿ ಖಾತೆಯಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಐಡಿ ಬೇಕು. ಅದಕ್ಕೆ ಡಿಜಿಲಾಕರ್ ಬೇಕು. ಡಿಜಿಲಾಕರ್‌ಗೆ ಆಧಾರ್‌ಗೆ ಜೋಡಿಸಿದ ಸಂಖ್ಯೆಗೆ ಬರುವ ಒಟಿಪಿ ಬೇಕು. ಹೊರ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಜಮ್ಮು–ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ. ಕರ್ನಾಟಕದ ಪ್ರೀಪೇಯ್ಡ್ ಸಂಖ್ಯೆಯನ್ನು ಆಧಾರ್‌ಗೆ ಜೋಡಿಸಿದ್ದರೆ ಶ್ರೀನಗರ, ಕುಪ್ವಾರಾ ಕಡೆ ಪೋಸ್ಟಿಂಗ್ ಆದ ದಿನವೇ ಒಟಿಪಿ ನಿಂತಿತು ಎಂದೇ ತಿಳಿಯಿರಿ. ಹೊರಡುವ ಮೊದಲು ರಜೆಯಲ್ಲಿದ್ದಾಗ ಅದೇ ಸಂಖ್ಯೆಯನ್ನು ಪೋಸ್ಟ್‌ಪೇಯ್ಡ್‌ಗೆ ಬದಲಿಸಿಕೊಳ್ಳಿ. ಪ್ರವೇಶ, ಮರುನೋಂದಣಿ, ಪರೀಕ್ಷಾ ಅರ್ಜಿ, ಎಲ್ಲಕ್ಕೂ ಈ ಒಂದು ಸಂಖ್ಯೆಯೇ ಆಧಾರ.

ಅರ್ಜಿಯಲ್ಲಿ ಫೋಟೋ ಸಿವಿಲ್ ಬಟ್ಟೆಯಲ್ಲಿರಲಿ. ಗುರುತಿಗೆ ಆಧಾರ್ ಕೊಡಿ. ಸೇನೆಯ ಗುರುತಿನ ಚೀಟಿಯನ್ನು ಫೋಟೊಕಾಪಿ ಮಾಡಿಸುವಂತಿಲ್ಲ, ಅಪ್‌ಲೋಡ್ ಮಾಡುವ ಮಾತಂತೂ ದೂರ. ವಿಳಾಸದ ಜಾಗದಲ್ಲಿ ಊರಿನ ಮನೆಯ ವಿಳಾಸ ಹಾಕುವುದು ಉತ್ತಮ, ಏಕೆಂದರೆ ನೀವು ಬದಲಾದರೂ ಮನೆ ಬದಲಾಗುವುದಿಲ್ಲ. ಪುಸ್ತಕಗಳ ಡಿಜಿಟಲ್ ಪ್ರತಿ ಆರಿಸಿಕೊಂಡರೆ ಇಗ್ನೋದಲ್ಲಿ ಶುಲ್ಕದ ರಿಯಾಯಿತಿಯೂ ಇದೆ, ಇ–ಜ್ಞಾನಕೋಶದಲ್ಲಿ ಪಾಠಗಳೆಲ್ಲ ಉಚಿತವಾಗಿ ಸಿಗುತ್ತವೆ. ಆದರೆ ನೆಟ್‌ವರ್ಕ್ ಇಲ್ಲದ ಪೋಸ್ಟ್‌ಗೆ ಹೋಗುವವರು ರಜೆಯಲ್ಲೇ ಬೇಕಾದ ಪಾಠಗಳನ್ನು ಮುದ್ರಿಸಿ, ತೆಳುವಾಗಿ ಬೈಂಡ್ ಮಾಡಿಸಿ ಟ್ರಂಕ್‌ನಲ್ಲಿ ಇಟ್ಟುಕೊಳ್ಳಬೇಕು.

ವಾಟ್ಸ್‌ಆ್ಯಪ್ ಓದುಗುಂಪುಗಳ ಬಗ್ಗೆ ಎಚ್ಚರ. ಯೂನಿಟ್ ಹೆಸರು, ಇರುವ ಜಾಗ, ಯಾವಾಗ ಎಲ್ಲಿಗೆ ಹೊರಡುತ್ತೀರಿ ಎಂಬುದು ಸಹಪಾಠಿಗಳಿಗೂ ತಿಳಿಯಬಾರದು. ಸೇನೆ 2020ರಲ್ಲಿ 89 ಆ್ಯಪ್‌ಗಳನ್ನು ಸಿಬ್ಬಂದಿಯ ಮೊಬೈಲ್‌ನಿಂದ ತೆಗೆಸಿದ್ದು ನೆನಪಿರಲಿ. ಅಸೈನ್‌ಮೆಂಟ್‌ನಲ್ಲಿ “ನಿಮ್ಮ ಕೆಲಸದ ಸ್ಥಳದ ಉದಾಹರಣೆ ಕೊಡಿ” ಎಂದು ಕೇಳಿದರೂ ಊರಿನ ಗ್ರಾಮ ಪಂಚಾಯಿತಿಯದೋ ಸಹಕಾರ ಸಂಘದ್ದೋ ಉದಾಹರಣೆ ಕೊಡಿ.

ದಿನದ ಲೆಕ್ಕ

ಮುಕ್ತ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ಮೂರು ವರ್ಷದ ಪದವಿಗೆ 120 ಕ್ರೆಡಿಟ್ ಎಂದಿಟ್ಟುಕೊಂಡರೆ 3,600 ಗಂಟೆ. ಮೂರೇ ವರ್ಷದಲ್ಲಿ ಮುಗಿಸುತ್ತೇನೆಂದರೆ ವಾರಕ್ಕೆ ಸುಮಾರು 23 ಗಂಟೆ ಬೇಕು. ಬೆಳಿಗ್ಗೆ ಪಿಟಿ, ಹಗಲು ಕೆಲಸ, ಸಂಜೆ ಗೇಮ್ಸ್, ಆಮೇಲೆ ರೋಲ್ ಕಾಲ್, ರಾತ್ರಿ ಗಾರ್ಡ್ ಡ್ಯೂಟಿ ಇರುವವನಿಗೆ ಅದು ಆಗದ ಮಾತು. ಆರು ವರ್ಷಕ್ಕೆ ಹಂಚಿದರೆ ವಾರಕ್ಕೆ ಸುಮಾರು 12 ಗಂಟೆ: ಆರು ದಿನ ಒಂದೂವರೆ ಗಂಟೆ, ಭಾನುವಾರ ಮೂರು ಗಂಟೆ. ಇದು ಆಗುವ ಮಾತು. ಆದರೆ ಆರು ವರ್ಷ ಎಂಬುದು ಕೊನೆಯ ಗಡಿ. ಒಂದು ಕಾರ್ಯಾಚರಣೆ, ಒಂದು ಕಾಯಿಲೆ ಬಂದರೆ ಗಡಿ ದಾಟುತ್ತದೆ. ಅದಕ್ಕೇ ಐದು ವರ್ಷಕ್ಕೆ ಗುರಿಯಿಟ್ಟು, ಒಂದು ವರ್ಷವನ್ನು ಕೈಯಲ್ಲಿ ಉಳಿಸಿಕೊಳ್ಳಿ. ಪೀಸ್ ಸ್ಟೇಷನ್‌ಗೆ ಬಂದ ಕೂಡಲೇ ಸೇರಿ, ಆ ಎರಡು ಮೂರು ವರ್ಷದಲ್ಲಿ ಹೆಚ್ಚಿನ ಪತ್ರಿಕೆಗಳನ್ನು ಮುಗಿಸಿ. ಫೀಲ್ಡ್‌ಗೆ ಹೋಗುವಾಗ ಸುಲಭವೆನಿಸುವ ಒಂದೆರಡು ಪತ್ರಿಕೆ ಮಾತ್ರ ಉಳಿದಿರಲಿ. ಬಡ್ತಿಯ ಕೇಡರ್ ಕೋರ್ಸ್ ಇರುವ ಆರು ತಿಂಗಳಲ್ಲಿ ಯಾವ ಪರೀಕ್ಷೆಗೂ ಹೆಸರು ಕೊಡಬೇಡಿ.

ಗಾರ್ಡ್ ಡ್ಯೂಟಿಯಲ್ಲಿ ಪುಸ್ತಕ ಬೇಡವೇ ಬೇಡ. ರೋಲ್ ಕಾಲ್ ಮುಗಿದು ದೀಪ ಆರಿಸುವವರೆಗಿನ ಸಮಯವೇ ನಿಮ್ಮದು. ಬ್ಯಾರಕ್‌ನ ಗದ್ದಲದಲ್ಲಿ ಓದಲಾಗದಿದ್ದರೆ ಮಾಹಿತಿ ಕೋಣೆ ಅಥವಾ ಕ್ಲಾಸ್ ರೂಮ್‌ನ ಬೀಗದ ಕೈ ಯಾರ ಬಳಿ ಇರುತ್ತದೆಂದು ತಿಳಿದು ವಿನಂತಿಸಿ. ಇನ್ನೊಬ್ಬ ಓದುವವನು ಜೊತೆಗಿದ್ದರೆ ಇನ್ನೂ ಒಳ್ಳೆಯದು, ಅವನು ಬೇರೆ ರಾಜ್ಯದವನಾದರೂ ಸರಿ.

ಅಸೈನ್‌ಮೆಂಟ್ ಮತ್ತು ಪರೀಕ್ಷೆ

ಇಗ್ನೋ ಪದವಿಯಲ್ಲಿ ಸಾಮಾನ್ಯವಾಗಿ ಶೇ 30 ಅಂಕ ಅಸೈನ್‌ಮೆಂಟ್‌ಗೆ, ಶೇ 70 ಪರೀಕ್ಷೆಗೆ. ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಪರೀಕ್ಷೆ ಚೆನ್ನಾಗಿ ಬರೆದೂ ಅಸೈನ್‌ಮೆಂಟ್ ಕೊಡದ ಕಾರಣಕ್ಕೆ ಫಲಿತಾಂಶ ‘ಅಪೂರ್ಣ’ ಎಂದು ನಿಂತಿರುವ ಸೈನಿಕರು ಬಹಳ. ಜೂನ್ ಪರೀಕ್ಷೆಗೆ ಏಪ್ರಿಲ್ ಅಂತ್ಯ, ಡಿಸೆಂಬರ್ ಪರೀಕ್ಷೆಗೆ ಅಕ್ಟೋಬರ್ ಅಂತ್ಯ ಸಾಮಾನ್ಯ ಗಡುವು. ಮುಂದೂಡುತ್ತಾರೆ ಎಂದು ಕಾಯಬೇಡಿ. ಕೈಯಲ್ಲೇ ಬರೆಯಿರಿ, ಒಂದು ಪ್ರಶ್ನೆಗೆ ಎರಡು ಸಂಜೆ ಸಾಕು. ಪ್ರತಿ ಹಾಳೆಯ ಮೇಲೆ ನೋಂದಣಿ ಸಂಖ್ಯೆ, ಕೋರ್ಸ್ ಸಂಕೇತ ಹಾಕಿ, ಸಲ್ಲಿಸುವ ಮೊದಲು ಎಲ್ಲ ಹಾಳೆಗಳ ಫೋಟೋ ತೆಗೆದು ಮನೆಗೆ ಕಳಿಸಿ. ಸಲ್ಲಿಸಿದ ರಸೀದಿಯನ್ನೂ ಹಾಗೆಯೇ ಇಟ್ಟುಕೊಳ್ಳಿ.

ರಜೆಯ ವಿಷಯ. ಅಗ್ನಿವೀರರನ್ನು ಬಿಟ್ಟು ಉಳಿದ ಜವಾನರಿಗೆ ವರ್ಷಕ್ಕೆ 60 ದಿನದ ವಾರ್ಷಿಕ ರಜೆ, 30 ದಿನದ ಕ್ಯಾಶುಯಲ್ ರಜೆ ಇದೆ. ವರ್ಷದ ಆರಂಭದಲ್ಲಿ ಲೀವ್ ಪ್ಲಾನ್ ಬರೆಸುವಾಗಲೇ ಪರೀಕ್ಷೆಯ ಹದಿನೈದು ದಿನವನ್ನು ಕ್ಯಾಶುಯಲ್ ರಜೆಯಾಗಿ ಹಾಕಿಸಿ. ನಮ್ಮ ಕಡೆ ಮದುವೆ, ಜಾತ್ರೆ ಎಲ್ಲ ಏಪ್ರಿಲ್–ಮೇನಲ್ಲಿ ಬಂದು ರಜೆ ಅಲ್ಲೇ ಕರಗುತ್ತದೆ. ಜೂನ್ ಪರೀಕ್ಷೆಗೆ ಒಂದು ದಿನವೂ ಉಳಿದಿರುವುದಿಲ್ಲ. ಈ ಒಂದು ಮಾತನ್ನು ಮನೆಯವರು ಅರ್ಥಮಾಡಿಕೊಳ್ಳಬೇಕು. ಚಿಕ್ಕಪ್ಪನ ಮಗಳ ಮದುವೆಗೆ ಬಾರದಿದ್ದರೆ ನಾಲ್ಕು ದಿನ ಮುನಿಸು, ಪರೀಕ್ಷೆ ತಪ್ಪಿದರೆ ಆರು ತಿಂಗಳು ಹೋಯಿತು.

ಮನೆಯವರು ಮಾಡಬಹುದಾದ ಕೆಲಸ ಬೇರೆಯೂ ಇದೆ. ಹೆಂಡತಿ, ತಮ್ಮ, ತಂಗಿ ಯಾರಾದರೊಬ್ಬರು ದಿನಾಂಕಗಳ ಹೊಣೆ ಹೊರಲಿ: ಮರುನೋಂದಣಿ ಯಾವಾಗ ಮುಗಿಯುತ್ತದೆ, ಪರೀಕ್ಷಾ ಅರ್ಜಿ ಯಾವಾಗ ತೆರೆಯುತ್ತದೆ, ಫಲಿತಾಂಶ ಬಂತೇ ಎಂಬುದನ್ನು ನೋಡಿ ಫೋನ್ ಮಾಡಲಿ. ಬಂಕರ್‌ನಲ್ಲಿರುವವನಿಗೆ ಜಾಲತಾಣ ನೋಡಿಕೊಂಡು ಕೂರಲು ಆಗುವುದಿಲ್ಲ. ಹೀಗೆ ಗಂಡನ ಪದವಿಯ ಕಡತ ನೋಡಿಕೊಳ್ಳುತ್ತಾ ತಾವೂ ಅದೇ ಕೋರ್ಸಿಗೆ ಸೇರಿ ಬಿ.ಎ. ಮುಗಿಸಿದ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಪುಸ್ತಕ ಹೇಗೂ ಮನೆಯಲ್ಲೇ ಇರುತ್ತದೆ, ಯೋಚಿಸಿ.

ಅಧಿಕಾರಿಯಾಗುವ ದಾರಿ

ಚಿಕ್ಕ ವಯಸ್ಸಿನವರು ಇದನ್ನು ಮರೆಯಬಾರದು. ಪಿಯುಸಿ ಮುಗಿಸಿ, ಕನಿಷ್ಠ ಎರಡು ವರ್ಷ ಸೇವೆ ಸಲ್ಲಿಸಿ, 20ರಿಂದ 27 ವರ್ಷದೊಳಗಿರುವ ಜವಾನರು ಡೆಹ್ರಾಡೂನ್‌ನ ಆರ್ಮಿ ಕೆಡೆಟ್ ಕಾಲೇಜಿಗೆ ಪ್ರಯತ್ನಿಸಬಹುದು. ಲಿಖಿತ ಪರೀಕ್ಷೆ, ಆಮೇಲೆ ಎಸ್‌ಎಸ್‌ಬಿ (ಅಧಿಕಾರಿಗಳನ್ನು ಆರಿಸುವ ಮಂಡಳಿ) ಸಂದರ್ಶನ. ಆಯ್ಕೆಯಾದರೆ ಮೂರು ವರ್ಷ ಅಲ್ಲೇ ಓದು, ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪದವಿ, ನಂತರ ಒಂದು ವರ್ಷ ಭಾರತೀಯ ಮಿಲಿಟರಿ ಅಕಾಡೆಮಿಯ ತರಬೇತಿ, ಹೆಗಲ ಮೇಲೆ ಲೆಫ್ಟಿನೆಂಟ್ ನಕ್ಷತ್ರ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ನಾಡಿನಿಂದ ಜವಾನರಾಗಿ ಹೋದವರು ಈ ಪರೀಕ್ಷೆಗೆ ಹೆಸರು ಕೊಡಲು ಹಿಂಜರಿಯುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಇಂಗ್ಲಿಷಿನ ಭಯವೇ ಮುಖ್ಯ ಕಾರಣ. ಅದಕ್ಕೆ ಒಂದು ವರ್ಷ ಮೊದಲಿನಿಂದ ದಿನಕ್ಕೊಂದು ಪುಟ ಬರೆಯುವುದೇ ಮದ್ದು.

ಪದವಿ ಬಂದ ಮೇಲೆ

ಅಂಕಪಟ್ಟಿ ಬಂತೆಂದು ಟ್ರಂಕ್‌ನಲ್ಲಿಟ್ಟು ಸುಮ್ಮನಾಗಬೇಡಿ. ತಾತ್ಕಾಲಿಕ ಪದವಿ ಪ್ರಮಾಣಪತ್ರ ಬಂದ ಕೂಡಲೇ ಅದರ ಮತ್ತು ಅಂಕಪಟ್ಟಿಗಳ ಪ್ರತಿಯನ್ನು ಯೂನಿಟ್ ಕಚೇರಿಗೆ ಕೊಟ್ಟು ಪಾರ್ಟ್ ಟು ಆರ್ಡರ್ ಹೊರಡಿಸಿಕೊಳ್ಳಿ. ಆಗ ಮಾತ್ರ ನಿಮ್ಮ ರೆಕಾರ್ಡ್ ಆಫೀಸ್‌ನಲ್ಲಿ ಶೈಕ್ಷಣಿಕ ಅರ್ಹತೆ ದಾಖಲಾಗುತ್ತದೆ; ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರಿಗೆ ಅದು ಬೆಂಗಳೂರಿನಲ್ಲಿದೆ, ಮರಾಠಾ ಲಘು ಪದಾತಿ ದಳದವರಿಗೆ ಬೆಳಗಾವಿಯಲ್ಲಿ. ಆರ್ಡರ್‌ನ ಸಂಖ್ಯೆ ಮತ್ತು ದಿನಾಂಕ ಬರೆದಿಟ್ಟುಕೊಳ್ಳಿ, ಮೂರು ತಿಂಗಳ ನಂತರ ದಾಖಲಾಯಿತೇ ಎಂದು ಮತ್ತೆ ಕೇಳಿ. ನಿವೃತ್ತಿಯ ಹೊತ್ತಿಗೆ ಡಿಸ್ಚಾರ್ಜ್ ಬುಕ್‌ನಲ್ಲಿ ಅರ್ಹತೆಯ ಜಾಗದಲ್ಲಿ ಇನ್ನೂ ‘ಎಸ್‌ಎಸ್‌ಎಲ್‌ಸಿ’ ಎಂದೇ ಇದ್ದರೆ ಆ ಪುಟವನ್ನು ಮನೆಗೆ ಬಂದ ಮೇಲೆ ತಿದ್ದಿಸುವುದು ಬಹಳ ಅಲೆದಾಟದ ಕೆಲಸ.

ನಿವೃತ್ತಿಗೆ ಒಂದು ವರ್ಷ ಇರುವಾಗಲೇ ಕೇಂದ್ರದ ಸಿವಿಲ್ ಹುದ್ದೆಗಳಿಗೆ ಮಾಜಿ ಸೈನಿಕರ ಕೋಟಾದಲ್ಲಿ ಅರ್ಜಿ ಹಾಕಬಹುದು. ವಯಸ್ಸಿನ ಲೆಕ್ಕದಲ್ಲಿ ಸೇವೆಯ ವರ್ಷಗಳನ್ನೂ ಅದರ ಮೇಲೆ ಮೂರು ವರ್ಷವನ್ನೂ ಕಳೆಯುತ್ತಾರೆ, ಆದ್ದರಿಂದ ನಲವತ್ತಾಯಿತೆಂದು ಕೈಚೆಲ್ಲಬೇಕಾಗಿಲ್ಲ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ ನಿವೃತ್ತಿಯ ಅಂಚಿನಲ್ಲಿರುವ ಜವಾನರಿಗೆ ಉಚಿತ ತರಬೇತಿ ಕೋರ್ಸುಗಳನ್ನು ನಡೆಸುತ್ತದೆ. ಕೆಲವಕ್ಕೆ ಪದವಿ ಇದ್ದರೆ ಆಯ್ಕೆ ಹೆಚ್ಚು. ಊರಿಗೆ ಬಂದ ಮೇಲೆ ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಪದವಿ ಪ್ರಮಾಣಪತ್ರ ಮೂರನ್ನೂ ತೆಗೆದುಕೊಂಡು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಅಲ್ಲಿ ಗುರುತಿನ ಚೀಟಿಗೆ ಹೆಸರು ಬರೆಸುವಾಗಲೇ ಉದ್ಯೋಗಕ್ಕಾಗಿಯೂ ನೋಂದಾಯಿಸಿ, ಅರ್ಹತೆಯ ಕಾಲಂನಲ್ಲಿ ವಿಶ್ವವಿದ್ಯಾಲಯದ ಹೆಸರು ಮತ್ತು ಪದವಿ ಪಡೆದ ವರ್ಷವನ್ನು ನಿಮ್ಮ ಕೈಯಾರೆ ಬರೆಯಿರಿ.